ಆಗ್ನೇಯ ಮೂಲೆಯ ರೂಟರ್

ನಮ್ಮ ಮನೆಯಲ್ಲಿ ಏನಾದರೂ ಕೆಟ್ಟರೆ ಸರಿಮಾಡುವವರು ಬೇಗ ಬರುವುದಿಲ್ಲ. ಕಾರಣ ಹೇಳುವವರು ಮೊದಲೇ ಬಂದು ಕೂತಿರುತ್ತಾರೆ. ಈ ಸಲ ಕೆಟ್ಟದ್ದು ಹೊಸ ಫೋರ್-ಕೆ ಟಿವಿಯ ಚಿತ್ರ. ಎರಡು ನಿಮಿಷ ಓಡುತ್ತದೆ, ಆಮೇಲೆ ನಟ್ಟನಡುವೆ ಒಂದು ಬಳೆ ಸುತ್ತತೊಡಗುತ್ತದೆ.

ನನಗೊಬ್ಬನಿಗೇ ಆಗಿದ್ದರೆ ಪುಸ್ತಕ ಓದಿಕೊಂಡು ಇರುತ್ತಿದ್ದೆ. ಆದರೆ ಭಾನುವಾರ ಮೈಸೂರಿನಲ್ಲಿ ಅಕ್ಕನ ಮಗಳ ರಂಗಪ್ರವೇಶ. ಅಮ್ಮನಿಗೆ ಮಂಡಿ ಆಪರೇಷನ್ ಆಗಿ ಮೂರೇ ವಾರ. ಡಾಕ್ಟರು ಪ್ರಯಾಣ ಬೇಡ ಎಂದಿದ್ದರು; ಟಿವಿಯಲ್ಲೇ ಲೈವ್ ನೋಡುವುದೆಂದು ತೀರ್ಮಾನವಾಗಿತ್ತು. ಮೊಮ್ಮಗಳ ನೃತ್ಯದ ಉಡುಪು ಹೊಲಿಸಿದ್ದು ಅಮ್ಮನ ಧಾರೆ ಸೀರೆಯಲ್ಲಿ.

"ಲೈವ್ ತಾನೇ? ಮೊಬೈಲಲ್ಲಿ ನೋಡಿದ್ರೆ ಆಗಲ್ವಾ?" ಎಂದೆ.

"ಅಂಚು ಕಾಣ್ಬೇಕು ಕಣೋ. ಆ ಅಂಚೇ ಬೇಕು ಅಂತ ಅಂಗಡೀಲಿ ಅತ್ತಿದ್ದೆ."

ಅಲ್ಲಿಗೆ ವಾದ ಮುಗಿಯಿತು.

ಎಣಿಕೆ

ಕಸ್ಟಮರ್ ಕೇರ್‌ಗೆ ಫೋನ್ ಮಾಡಿದೆ.

"ರೂಟರ್ ಆಫ್ ಮಾಡಿ, ಹತ್ತು ಎಣಿಸಿ, ಆನ್ ಮಾಡಿ ಸಾರ್."

ಮಾಡಿದೆ. ಬಳೆ ಸುತ್ತಿತು.

"ಎಷ್ಟು ಎಣಿಸಿದ್ರಿ?"

"ಹತ್ತು."

"ಈ ಸಲ ಮೂವತ್ತು ಎಣಿಸಿ ಸಾರ್."

ನಾನು ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುವವನು. ಮೂವತ್ತಕ್ಕೆ ಆಧಾರವೇನು ಎಂದು ಕೇಳಬೇಕಿತ್ತು. ಕೇಳಲಿಲ್ಲ, ಎಣಿಸಿದೆ. ಹಾಲ್‌ನಿಂದ ಅಮ್ಮನ ದನಿ ಬಂತು: "ನೂರೆಂಟು ಅಂದ್ರೆ ಹೇಳು, ಜಪಮಣಿ ಕೊಡ್ತೀನಿ."

ಭರ್ಜರಿ ಸ್ಪೀಡು

ಮರುದಿನ ಕಂಪನಿಯ ಟೆಕ್ನಿಷಿಯನ್ ಬಂದರು. ನಮ್ಮ ರೂಟರ್ ಇರುವುದು ಅಡುಗೆಮನೆಯ ಶೆಲ್ಫಿನಲ್ಲಿ, ಅಕ್ಕಿಯ ಸ್ಟೀಲ್ ಡಬ್ಬಕ್ಕೂ ಬೇಳೆಯ ಸ್ಟೀಲ್ ಡಬ್ಬಕ್ಕೂ ಮಧ್ಯೆ. ಅದರ ಮುಂದೆ ನಿಂತು ಮೊಬೈಲಿನಲ್ಲಿ ಪರೀಕ್ಷೆ ಮಾಡಿದರು.

"ನೋಡಿ ಸಾರ್, ಸಖತ್ ಸ್ಪೀಡು. ನಮ್ ಕಡೆಯಿಂದ ಏನೂ ತೊಂದ್ರೆ ಇಲ್ಲ."

"ಟಿವಿ ಹಾಲ್‌ನಲ್ಲಿದೆ."

ಹಾಲಿಗೆ ಬಂದರು. ಪರೀಕ್ಷೆಯೂ ಅರ್ಧಕ್ಕೇ ನಿಂತಿತು. ಹಿಂದಿರುಗಿ ಡಬ್ಬಗಳನ್ನು ನೋಡಿದರು, ಫ್ರಿಜ್ ನೋಡಿದರು, ದಪ್ಪ ಗೋಡೆಯನ್ನು ತಟ್ಟಿದರು.

"ಇಷ್ಟು ಕಬ್ಬಿಣ ದಾಟಿ ವೈಫೈ ಬರಲ್ಲ ಸಾರ್. ಗೋಡೆಗೆ ಒಂದು ತೂತು ಹೊಡೆದು ರೂಟರ್‌ನ ಹಾಲಿಗೆ ಹಾಕೋಣ. ಇಲ್ಲಾಂದ್ರೆ ಟಿವೀನ ಅಡುಗೆಮನೆಗೆ ತನ್ನಿ."

"ಒಲೆ ಎಲ್ಲಿಡ್ಲಪ್ಪ, ಶೋಕೇಸಲ್ಲಾ?" ಎಂದರು ಅಮ್ಮ.

ಗೋಡೆ ಯಾರದ್ದು

ತೂತಿಗೆ ಓನರ್ ಅಂಕಲ್ ಒಪ್ಪಬೇಕು. ಇದೇ ಜರಗನಹಳ್ಳಿಯ ಹಳೇ ಮನೆತನ. ಮೇಲಿನ ಮನೆಯಲ್ಲೇ ಇದ್ದಾರೆ. ಕನೆಕ್ಷನ್ ಬಂದ ದಿನ ಫೈಬರ್ ಅಡುಗೆಮನೆಗೇ ಇಳಿಯಬೇಕೆಂದು ಎದುರು ನಿಂತು ಇಳಿಸಿದವರು ಅವರೇ.

"ಕರೆಂಟಿಂದೆಲ್ಲ ಅಗ್ನಿ. ಅಗ್ನಿ ಆಗ್ನೇಯದಲ್ಲೇ ಇರ್ಬೇಕು," ಎಂದರು. "ನೀವು ಹೇಳೋ ಮೂಲೆ ಈಶಾನ್ಯ. ದೇವಮೂಲೆ."

"ಟಿವಿ ಆ ಮೂಲೇಲೇ ಇದೆಯಲ್ಲ ಅಂಕಲ್? ಅದೂ ಕರೆಂಟೇ."

"ಟಿವಿ ನಿಮ್ದು. ಗೋಡೆ ನಮ್ದು."

"ತೂತು ಬೇಡ ಬಿಡಿ. ಬಾಗಿಲ ಮೂಲಕ ಹಾಲಿಗೆ ಒಂದು ಕೇಬಲ್ ಎಳೀತೀನಿ."

"ಅಗ್ನಿಯಿಂದ ದೇವಮೂಲೆಗೆ ದಾರಾನೇ ಕಟ್ತೀರಾ? ಬೇಡ."

ಇಪ್ಪತ್ತು ವರ್ಷ ವಿದ್ಯುತ್ಕಾಂತೀಯ ಅಲೆಗಳ ಪಾಠ ಮಾಡಿದ್ದೇನೆ. ಅವು ಬಾಡಿಗೆ ಕರಾರಿಗೆ ತಲೆಬಾಗುತ್ತವೆ ಎಂದು ಯಾವ ಪಠ್ಯದಲ್ಲೂ ಇರಲಿಲ್ಲ.

ಹನ್ನೊಂದು ಹೆಸರು

ಶನಿವಾರ ಬೆಳಿಗ್ಗೆ ಬೇರೆ ದಾರಿ ಕಾಣದೆ ರೂಟರ್‌ನ ಪಟ್ಟಿ ತೆಗೆದು, ಯಾವ ಯಾವ ಸಾಧನ ಅಂಟಿಕೊಂಡಿವೆ ಎಂದು ನೋಡಿದೆ. ಹನ್ನೊಂದು. ನಮ್ಮ ಮನೆಯಲ್ಲಿರುವುದು ನಾಲ್ಕು. ಪಾಸ್‌ವರ್ಡ್ ಬದಲಾಯಿಸಿದೆ.

ಐದು ನಿಮಿಷದಲ್ಲಿ ಕರೆಗಂಟೆ ಸದ್ದಾಯಿತು. ಓನರ್ ಅಂಕಲ್, ಕೈಯಲ್ಲಿ ಟ್ಯಾಬು.

"ಏನ್ ಸಾರ್, ನಿಮ್ ನೆಟ್ ಕೆಟ್ಟಿದ್ಯಾ? ಮೇಲೆ ನಮಗೆ ಬರ್ತಿಲ್ಲ."

ನಾನು ಕೋಪ ಮಾಡಿಕೊಳ್ಳಲಿಲ್ಲ. ದೇವರು ಇಲ್ಲ ಎನ್ನುವವನಿಗೂ ಅಪರೂಪಕ್ಕೆ ವರ ಸಿಗುತ್ತದೆ.

"ಹೊಸ ಪಾಸ್‌ವರ್ಡ್ ಕೊಡ್ತೀನಿ ಅಂಕಲ್. ನಾಳೆ ಬೆಳಿಗ್ಗೆ ಮಾತ್ರ ಬಳಸ್ಬೇಡಿ. ಅದಿರ್ಲಿ, ಆ ಕೇಬಲ್ ವಿಷಯ..."

ಅಂಕಲ್ ಟ್ಯಾಬ್ ನೋಡಿದರು, ಅಡುಗೆಮನೆಯ ಕಡೆ ನೋಡಿದರು.

"ರೂಟರ್ ಆಗ್ನೇಯದಲ್ಲೇ ಇರತ್ತೆ ತಾನೇ? ಎಳ್ಕೊಳ್ಳಿ. ವೈರ್‌ಗೆಂಥ ದಿಕ್ಕು!"

ಭಾನುವಾರ

ಕೇಬಲ್ ಅಡುಗೆಮನೆಯಿಂದ ಹೊರಟು, ಬಾಗಿಲ ಮೂಲೆ ಹಿಡಿದು, ಅಮ್ಮನ ವಾಕರ್‌ಗೆ ಸಿಕ್ಕದಂತೆ ಚಾಪೆಯಡಿ ನುಗ್ಗಿ ಟಿವಿ ಸೇರಿತು. ಹತ್ತೂವರೆಗೆ ಪರದೆ ತೆರೆಯಿತು. ಅಮ್ಮ ರೇಷ್ಮೆ ಸೀರೆ ಉಟ್ಟು ಕೂತಿದ್ದರು. ನೆಟ್ ಬಳಸುವುದಿಲ್ಲ ಎಂದು ಮಾತು ಕೊಟ್ಟಿದ್ದ ಓನರ್ ದಂಪತಿ, ನೋಡದೆ ಇರುವುದಾಗಿ ಮಾತು ಕೊಟ್ಟಿರಲಿಲ್ಲವಾದ್ದರಿಂದ, ಸೋಫಾದಲ್ಲಿದ್ದರು.

ಬಳೆ ಸುತ್ತಲಿಲ್ಲ. ಹತ್ತು ನಿಮಿಷ, ಇಪ್ಪತ್ತು ನಿಮಿಷ. ಮೊಮ್ಮಗಳು ತಿರುಗಿದಾಗಲೆಲ್ಲ ಅಂಚಿನ ಜರಿಯ ಹಂಸಗಳು ಒಂದೊಂದೂ ಕಂಡವು. "ನೋಡಿ, ಅದೇ," ಎಂದು ಅಮ್ಮ ಓನರ್ ಆಂಟಿಗೆ ತೋರಿಸಿದರು. ಒಂದು ವಾರದಿಂದ ಹಿಡಿದಿಟ್ಟ ಉಸಿರು ಬಿಟ್ಟೆ.

ಆಗ ಚಿತ್ರ ನಿಂತಿತು.

ಮಗು ಒಂದು ಕಾಲೆತ್ತಿದಂತೆಯೇ ಇತ್ತು. ಮೃದಂಗವೂ ಇಲ್ಲ. ಒಂದು, ಎರಡು, ಮೂರು ಸೆಕೆಂಡು. ನಾನು ಚಾಪೆ ಹಾರಿ ಅಡುಗೆಮನೆಗೆ ಓಡಿದೆ. ಬೇಳೆ ಡಬ್ಬ ಸರಿಸಿ ಸ್ವಿಚ್ಚಿಗೆ ಕೈಯಿಟ್ಟೆ. ಮೂವತ್ತರ ತನಕ ಎಣಿಸಬೇಕು ಎಂದುಕೊಳ್ಳುತ್ತಿದ್ದೆ.

"ಏಯ್, ಮುಟ್ಟಬೇಡ!" ಅಮ್ಮ ಕೂಗಿದರು. "ಸ್ಟೇಜಲ್ಲಿ ದೀಪ ಅಲ್ಲಾಡ್ತಿದೆ, ಕಾಣಲ್ವಾ? ಅದು ಭಂಗಿ ಕಣೋ!"

ಮೃದಂಗ ಮತ್ತೆ ನುಡಿಯಿತು, ಚಪ್ಪಾಳೆಯೂ ಬಿತ್ತು. ನಾನು ಡಬ್ಬವನ್ನು ಸ್ವಸ್ಥಾನದಲ್ಲಿಟ್ಟು, ವಿಜ್ಞಾನಿಗೆ ತಕ್ಕ ಗಾಂಭೀರ್ಯದಲ್ಲಿ ಹಾಲಿಗೆ ಬಂದೆ. ಅಮ್ಮ ಪರದೆಯಿಂದ ಕಣ್ಣು ತೆಗೆಯಲೇ ಇಲ್ಲ.

"ಮಗು ಒಂದೇ ಕಾಲಲ್ಲಿ ಅಲ್ಲಾಡದೆ ನಿಂತಿತ್ತು. ಎರಡು ಕಾಲಿರೋ ನಿನಗೆ ಒಂದು ಕ್ಷಣ ನಿಲ್ಲೋಕಾಗಲ್ವಲ್ಲೋ!"