ಮೊದಲ ನೋಟಿನ ಹಂಚಿಕೆ

ಗ್ರೀನ್‌ಲ್ಯಾಂಡಿಗೆ ತನ್ನದೇ ನೋಟು ಬರುವುದು ಖಚಿತವಾದ್ದರಿಂದ, ಅದನ್ನು ಬರಮಾಡಿಕೊಳ್ಳಲು ನಮ್ಮ ಊರಿನಲ್ಲಿ ಸ್ವಾಗತ ಸಮಿತಿಯೊಂದನ್ನು ರಚಿಸಲಾಯಿತು. ನೋಟು ಚಲಾವಣೆಗೆ ಬಂದ ದಿನ ಸಮಿತಿ ವಿಸರ್ಜನೆಗೊಳ್ಳತಕ್ಕದ್ದು, ಸದಸ್ಯರು ತಂತಮ್ಮ ಹಳೆಯ ಕೆಲಸಕ್ಕೆ ಮರಳತಕ್ಕದ್ದು ಎಂಬ ನಿಯಮವೂ ಜೊತೆಗೇ ಬಂತು. ಅಧ್ಯಕ್ಷೆ ಬಿಬಿಯಾನೆಯವರ ಹಳೆಯ ಕೆಲಸವೆಂದರೆ ಮೀನು ಕಾರ್ಖಾನೆಯಲ್ಲಿ ಕೊರೆಯುವ ನೀರಿಗೆ ಕೈಹಾಕಿ ಮೀನು ಕೊಯ್ಯುವುದು. ಈಗ ಹೀಟರ್ ಇದ್ದ ಕೋಣೆ, ಮೆತ್ತನೆಯ ಕುರ್ಚಿ; ಬೆರಳಿನ ಬಿರುಕುಗಳೂ ಮಾಯುತ್ತಿದ್ದವು. ಕಾರ್ಯದರ್ಶಿಯಾದ ನಾನೂ ಅದೇ ಕಾರ್ಖಾನೆಯವನು. ಆದ್ದರಿಂದ ದೇಶಪ್ರೇಮದ ವಿಷಯದಲ್ಲಿ ನಮ್ಮಿಬ್ಬರಿಗೂ ಭಿನ್ನಾಭಿಪ್ರಾಯವಿರಲಿಲ್ಲ.

ಮಂಜುಗಡ್ಡೆ ಕರಗಿದ ಮೇಲೆ ಬಂದ ಮೊದಲ ಹಡಗು ನಮ್ಮನ್ನಾಳುವ ಡೆನ್ಮಾರ್ಕಿನ ರಾಜಧಾನಿ ಕೋಪನ್‌ಹೇಗನ್ನಿನಿಂದ ಐವತ್ತರ ಮಾದರಿ ನೋಟು ತಂದಿತು. ಅಧ್ಯಕ್ಷೆ ಒಪ್ಪಿಗೆಯ ಸಹಿ ಹಾಕಿ ಅದನ್ನು ಹಿಂದಿರುಗಿಸಿದರೆ ಮುದ್ರಣ ಶುರು. ಸಂತೋಷದ ಸಂಗತಿಯಾದ್ದರಿಂದ ಕಾಫಿಕೂಟ ಕರೆದೆವು. ಊರಿಗೆ ಊರೇ ಬಾಗಿಲಲ್ಲಿ ಬೂಟು ಬಿಚ್ಚಿಟ್ಟು ಕೇಕಿಗೆ ಕುಳಿತಿತು. ಬಿಬಿಯಾನೆ ಪೆನ್ನು ಹಿಡಿದರು. ಆ ಮುಖ ನೋಡಿ ನನಗೂ ಅಳು ಬಂತು.

"ಏನವ್ವಾ, ಸಹಿ ಹಾಕೋಕೆ ಅಷ್ಟ್ಯಾಕೆ ನಡುಗ್ತೀಯ?" ಎಂದ ಮುದಿ ಬೇಟೆಗಾರ ಎನೋಕ್.

"ಚಳಿ, ಅಜ್ಜಾ."

"ಹೀಟರ್ ತಬ್ಕೊಂಡು ಕೂತು ಚಳಿಯಂತೆ! ಇರ್ಲಿ, ಇದು ನಮ್ಮ ದೇಶದ ಮೊದಲನೇ ನೋಟು ತಾನೆ? ಯಾರಾದ್ರೂ ಮೊದಲನೇ ಸೀಲ್ ಬೇಟೆ ಆಡ್ಕೊಂಡು ಬಂದ್ರೆ ಮನೇಲಿ ಬಚ್ಚಿಟ್ಕೋತಾರಾ? ಊರಿಗೆಲ್ಲ ಹಂಚ್ತಾರೆ. ಇದನ್ನ ಇಡಿಯಾಗಿ ವಾಪಸ್ ಕಳ್ಸಿದ್ರೆ ಊರ ಮಾನ ಏನಾಗ್ಬೇಕು?"

ಬಿಬಿಯಾನೆಯ ಮುಖ ಅರಳಿತು. ಪೆನ್ನು ಕೆಳಗಿಟ್ಟು, ಮಾಂಸ ಕೊಯ್ಯುವ ಚಾಕು ಎತ್ತಿಕೊಂಡರು. ನೋಟನ್ನು ಕೊಯ್ದು, ತಿಮಿಂಗಿಲದ ತಲೆಯ ಚಿತ್ರವಿದ್ದ ಭಾಗ ಪಾದ್ರಿಗೆ, ನಡುಭಾಗ ಎನೋಕನಿಗೆ, ಉಳಿದದ್ದು ಮನೆಗೊಂದು ಚೂರು.

"ನಂಗೆ ಬರೀ ಅಂಚು ಕೊಟ್ಯಲ್ಲೇ!" ಎಂದು ಪಕ್ಕದ ಮನೆಯ ಕರ್ನೇಲಿಯಾ ಸಿಡಿದಳು. "ನಿನ್ ಮದ್ವೇಲೂ ನಿಮ್ಮಮ್ಮ ನಂಗೆ ಮೂಳೆನೇ ಬಡಿಸಿದ್ದು."

ಮರುದಿನ ಪತ್ರ ಬರೆದೆ: "ಮಾದರಿ ನೋಟನ್ನು ಸ್ವೀಕರಿಸಿ ಸಂಪ್ರದಾಯಾನುಸಾರ ಹಂಚಲಾಗಿದೆ. ಸಹಿಗಾಗಿ ಬೇರೊಂದನ್ನು ಕಳುಹಿಸಿಕೊಡಬೇಕಾಗಿ ವಿನಂತಿ."

ಈ ಸಲ ನೂರರದ್ದು ಬಂತು. ಸೀಲ್ ಬೇಟೆಯಾಡಿದವನಿಗೂ ಮೊದಲ ವಾಲ್ರಸ್ ಮೊದಲನೆಯದೇ ಎಂದು ಸಮಿತಿ ಕೇಕು ತಿನ್ನುತ್ತ ತೀರ್ಮಾನಿಸಿತು. ನೂರರದ್ದೂ ಹಂಚಿಹೋಯಿತು, ಇನ್ನೂರರದ್ದೂ, ಐನೂರರದ್ದೂ.

ಕೊನೆಗೆ ವಿಚಾರಣೆಗೆಂದು ಕೋಪನ್‌ಹೇಗನ್ನಿನ ಗ್ರೀನ್‌ಲ್ಯಾಂಡ್ ನೋಟು ವಿಭಾಗದ ಅಧಿಕಾರಿ ಥೋರ್ವಾಲ್ಡ್ ಖುದ್ದಾಗಿ ಬಂದಿಳಿದರು. ಬೂಟು ಬಿಚ್ಚಿ, ತೂತುಬಿದ್ದ ಕಾಲುಚೀಲದಲ್ಲೇ ಗುಡುಗಿದರು.

"ಏನ್ರೀ ಇದು ಹುಡುಗಾಟ! ನೋಟು ಚಲಾವಣೆಗೆ ಬರೋದು ಯಾವಾಗ?"

"ಕೂತ್ಕೊಳ್ಳಿ ಸಾರ್, ಕಾಫಿ ತಗೊಳ್ಳಿ," ಎಂದರು ಬಿಬಿಯಾನೆ. "ನೋಟು ಬಂದ್ಮೇಲೆ ನಿಮ್ಮ ವಿಭಾಗ ಏನಾಗತ್ತೆ?"

"ಮುಚ್ತಾರೆ."

"ಆಮೇಲೆ ನೀವು?"

"ನನ್ನ ಹಳೇ ಜಾಗಕ್ಕೆ. ನೆಲಮಾಳಿಗೆ. ಹರಿದ ನೋಟು ವಿಂಗಡಿಸೋ ಕೆಲಸ..."

ಥೋರ್ವಾಲ್ಡ್ ಕಾಫಿ ಕುಡಿದು ಮುಗಿಸಿದರು. ಆಮೇಲೆ ಚೀಲದಿಂದ ಗರಿಗರಿಯಾದ ಸಾವಿರದ ಮಾದರಿಯೊಂದನ್ನು ತೆಗೆದು, ಎರಡೂ ಕೈಯಿಂದ ಬಿಬಿಯಾನೆಯ ಮುಂದಿಟ್ಟರು.

"ಇದೂ ಮೊದಲನೇದೇ," ಎಂದರು. "ನಂಗೆ ಸ್ವಲ್ಪ ದೊಡ್ಡ ಚೂರು ಕೊಡಿ."