ನಾಮಿನಿ ಫಾರಂ ದಿಗ್ವಿಜಯ

"ನಾನು ಸತ್ತ ಮೇಲೆ ನನ್ನ ಹೆಂಡತಿ ಕೋರ್ಟಿನ ಮೆಟ್ಟಿಲು ಹತ್ತಬಾರದು!" ಎಂದು ಸೋಮವಾರ ಬೆಳಿಗ್ಗೆ ದೋಸೆ ತಿನ್ನುತ್ತಾ ಭೀಷ್ಮ ಪ್ರತಿಜ್ಞೆ ಮಾಡಿದೆ. ಬಸವೇಶ್ವರನಗರದ ನಮ್ಮ ಪತ್ತಿನ ಸಹಕಾರ ಸಂಘದ ಖಾತೆಗೆ ನಾಮಿನಿ ನಮ್ಮಮ್ಮ. ಅವರು ತೀರಿಕೊಂಡು ಹನ್ನೊಂದು ವರ್ಷ! ನಾನೂ ಹೋಗಿಬಿಟ್ಟರೆ ಇಟ್ಟ ದುಡ್ಡು ಬಿಡಿಸಲು ನನ್ನ ಹೆಂಡತಿ ಪುಟ್ಟಲಕ್ಷ್ಮಿ ವಕೀಲರ ಹಿಂದೆ ಅಲೆಯಬೇಕು. ಅವಳನ್ನೇ ನಾಮಿನಿ ಮಾಡಿಬಿಟ್ಟರೆ ನನ್ನ ಮರಣ ಪ್ರಮಾಣಪತ್ರ ತೋರಿಸಿದರೆ ಸಾಕು.

"ನಿಮ್ಮ ಕೈಲಾಗುತ್ತೇನ್ರೀ?" ಎಂದಳು.

"ಮೂವತ್ತು ವರ್ಷ ಹೆಡ್‌ಕ್ಲರ್ಕ್ ಆಗಿದ್ದೋನು ಕಣೇ! ಫಾರಂ ಅಂದ್ರೆ ನಂಗೆ ನೀರು ಕುಡಿದಷ್ಟು ಸುಲಭ!"

ಮೊದಲ ಫಾರಂನಲ್ಲಿ ನಾಮಿನಿಯ ಜಾಗದಲ್ಲಿ ನನ್ನ ಹೆಸರನ್ನೇ ಬರೆದೆ. ಎರಡನೆಯದರ ಮೇಲೆ ಕಾಫಿ ಚೆಲ್ಲಿದೆ. ಮೂರನೆಯದಕ್ಕೆ ಸಾಕ್ಷಿಯ ಸಹಿ ಬೇಕೆಂದು ಪಕ್ಕದ ಮನೆಯ ಮುನಿರಾಜು ಬಳಿ ಓಡಿದೆ.

"ಒಂದು ಸೈನ್ ಹಾಕಪ್ಪಾ. ನಾನು ಹೋದ್ಮೇಲೆ ನಮ್ಮನೆಯವಳಿಗೆ ತೊಂದ್ರೆ ಆಗ್ಬಾರ್ದು."

ಮುನಿರಾಜು ಪೆನ್ನು ಕೆಳಗಿಟ್ಟ. "ಸಾರ್... ಡಾಕ್ಟ್ರು ಏನಂದ್ರು?"

"ಡಾಕ್ಟ್ರಿಗೇನಪ್ಪಾ ಗೊತ್ತು! ನಮ್ಮ ಹುಷಾರಲ್ಲಿ ನಾವಿರ್ಬೇಕು!"

ಅಷ್ಟೇ! ಅರ್ಧ ಗಂಟೆಯಲ್ಲಿ ಬೀದಿಗೆ ಬೀದಿಯೇ ನಮ್ಮ ಹಾಲ್‌ನಲ್ಲಿತ್ತು. ಎಳನೀರು ಬಂತು, ಮೂಸಂಬಿ ಬಂತು. ಆರ್‌ಪಿಸಿ ಲೇಔಟಿನ ತಂಗಿ ರಾಗಿಣಿ ಆಟೋ ಇಳಿದವಳೇ, "ಅಣ್ಣಾ, ನಂಗೊಂದು ಮಾತು ಹೇಳ್ಲಿಲ್ವಲ್ಲೋ!" ಎಂದು ಗೊಳೋ ಎಂದು ಅತ್ತಳು. ಪುಟ್ಟಲಕ್ಷ್ಮಿ ಮಾತ್ರ ನಲವತ್ತು ಲೋಟ ಕಾಫಿ ಬೆರೆಸುತ್ತಾ ಹಲ್ಲು ಕಡಿಯುತ್ತಿದ್ದಳು.

ನಾನು ಎದೆಗುಂದಲಿಲ್ಲ! "ನಂಗೇನೂ ಆಗಿಲ್ಲ, ಗುಂಡುಕಲ್ಲಿನ ಥರ ಇದೀನಿ! ಬಂದಿದ್ದು ಬಂದ್ರಿ, ನಿಮ್ಮ ನಾಮಿನಿ ಯಾರು ಹೇಳಿ!" ಎಂದು ಗುಡುಗಿದೆ. ಬಂದವರಲ್ಲಿ ಹದಿನಾಲ್ಕು ಜನ ನಮ್ಮ ಸಂಘದ ಸದಸ್ಯರೇ. ಮುನಿರಾಜುವಿನ ನಾಮಿನಿ ಎಂದೋ ತೀರಿಕೊಂಡ ಅಜ್ಜಿ! ರಾಗಿಣಿಗಂತೂ ನಾಮಿನಿಯೇ ಇಲ್ಲ! ಆ ದಂಡು ಕಟ್ಟಿಕೊಂಡು ಸಂಘದ ಮೇಲೆ ದಂಡೆತ್ತಿ ಹೋದೆ. ಮಧ್ಯಾಹ್ನದೊಳಗೆ ಎಲ್ಲರ ಫಾರಂಗೂ ಮೊಹರು ಬಿತ್ತು. ಕಾರ್ಯದರ್ಶಿಗಳೇ ಎದ್ದು ನಿಂತು ನನಗೆ ಕೈ ಮುಗಿದರು!

ಮೀಸೆ ತಿರುವುತ್ತಾ ಮನೆಗೆ ಬಂದು ರಸೀದಿಯನ್ನು ಹೆಂಡತಿಯ ಕೈಗಿಟ್ಟೆ. ಓದಿದಳು. ಕಣ್ಣು ತುಂಬಿಕೊಂಡಳು.

"ನಿನ್ನ ಖಾತೆಗೆ ನಾನೇ ತಾನೇ ನಾಮಿನಿ?" ಎಂದೆ.

"ಇಲ್ಲಾರೀ, ನಮ್ಮ ಮೇಧಾ."

"ಮಗಳಾ? ನಾನ್ಯಾಕಲ್ಲ?"

"ನಿಮ್ಮನ್ನ ಹಾಕಿದ್ರೆ ದುಡ್ಡು ಬಿಡಿಸೋ ಫಾರಂ ನೀವೇ ತುಂಬಬೇಕಲ್ಲ! ಆಮೇಲೆ ನಾನು ಚಟ್ಟದಿಂದ ಎದ್ದು ಬಂದು ತಿದ್ದಿಕೊಡ್ಬೇಕಾಗುತ್ತೆ!"