ಜಾಕಿಗೊಂದು ಮಡಚುವ ಪಂಜರ

ಯಾವುದೇ ವಸ್ತು ಕೊಳ್ಳುವ ಮೊದಲು ಅದರಿಂದ ಆಗಬಹುದಾದ ಅನಾಹುತಗಳನ್ನೆಲ್ಲ ಯೋಚಿಸಿಡುವುದು ನನ್ನ ಸ್ವಭಾವ. ಮನೆಗೆ ಕುಕ್ಕರು ತಂದಾಗ ಮೊದಲ ಸೀಟಿ ಆಗುವವರೆಗೆ ಎಲ್ಲರನ್ನೂ ಅಂಗಳದಲ್ಲಿ ನಿಲ್ಲಿಸಿದ್ದೆ. ಗೋಡೆ ಗಡಿಯಾರ ತಂದಾಗ ಅದು ಯಾರ ತಲೆಯ ಮೇಲೂ ಬೀಳಬಾರದೆಂದು ಯಾರೂ ಓಡಾಡದ ಮೂಲೆಯಲ್ಲಿ ತೂಗುಹಾಕಿದೆ. ಅಂದಿನಿಂದ ನಮ್ಮ ಮನೆಯಲ್ಲಿ ಗಂಟೆ ಎಷ್ಟೆಂದು ಯಾರಿಗೂ ತಿಳಿದಿಲ್ಲ. ಇಷ್ಟು ಮುಂದಾಲೋಚನೆಯುಳ್ಳ ಮನುಷ್ಯನಿಗೆ ನಾಯಿಗೊಂದು ಪಂಜರ ಆರಿಸುವುದು ಯಾವ ಲೆಕ್ಕ ಎಂದುಕೊಂಡಿದ್ದೆ.

ಪಂಜರ ಬೇಕಾಗಿದ್ದು ಅಕ್ಕನ ಸಲುವಾಗಿ.

ತಪ್ಪು ತಿಳಿಯಬೇಡಿ! ಅಕ್ಕನನ್ನು ಕೂಡಿಹಾಕುವುದಕ್ಕಲ್ಲ. ನನಗಿರುವವಳು ಒಬ್ಬಳೇ ಅಕ್ಕ. ಮಂಕಿಗೆ ಕೊಟ್ಟಿದೆ. ನಾವಿರುವುದು ಕುಮಟೆಯಲ್ಲಿ. ಅಪ್ಪ ಇರುವ ತನಕ ಪ್ರತಿ ಚೌತಿಗೂ ಅವಳು ತಪ್ಪದೆ ಬಂದು, ಗಣಪತಿಯನ್ನು ನೀರಿಗೆ ಬಿಡುವವರೆಗೆ ಇದ್ದು, ಚಕ್ಕುಲಿಯ ಡಬ್ಬ ಕಟ್ಟಿಸಿಕೊಂಡು ಹೋಗುತ್ತಿದ್ದಳು. ಅಪ್ಪ ತೀರಿಹೋದ ಮೇಲೆ ಎರಡು ಚೌತಿ ಬಂದು ಹೋದವು. ಅಕ್ಕ ಬರಲಿಲ್ಲ. ನಾನೇನು ಕರೆಯದೆ ಕೂತಿರಲಿಲ್ಲ. ಆಗಷ್ಟೇ ನಮ್ಮ ಮನೆಗೆ ಫೋನು ಬಂದಿತ್ತು. ಎರಡು ಸಲವೂ ಶಾಸ್ತ್ರೋಕ್ತವಾಗಿ ಫೋನು ಮಾಡಿಯೇ ಕರೆದಿದ್ದೆ. ಈ ವರ್ಷವೂ ಕರೆದೆ.

"ಅಕ್ಕಾ, ಚೌತಿಗೆ ಬಾರೇ."

"ಎಂತ ಬರೂದೋ ತಮ್ಮಾ. ನಿಮ್ಮನೆಲಿ ನಾಯಿ ಅದ್ಯಲ್ಲ. ನಂಗೆ ಹೆದರ್ಕೆ."

"ಅದು ಎಂತ ಮಾಡೂದಿಲ್ಲ ಅಕ್ಕಾ."

"ನಿಂಗೆ ಮಾಡೂದಿಲ್ಲ. ನಾ ಅದಕ್ಕೆ ಹೊಸಬಳು. ಇಡ್ತೆ."

ಫೋನು ಇಟ್ಟೇಬಿಟ್ಟಳು. ನಾನು ಜಾಕಿಯ ಕಡೆ ನೋಡಿದೆ. ಅಪ್ಪ ತೀರಿಹೋದ ವರ್ಷವೇ ಮರಿಯಾಗಿ ನಮ್ಮ ಮನೆ ಸೇರಿದ ನಾಯಿ ಅದು. ಯಾರನ್ನೂ ಕಚ್ಚಿದ್ದಿಲ್ಲ. ಆದರೆ ಯಾರಾದರೂ ಬಂದರೆ ಸಂತೋಷಕ್ಕೆ ಎದೆಯ ಮೇಲೆ ಎರಡೂ ಕಾಲಿಟ್ಟು ಮುಖ ನೆಕ್ಕುತ್ತದೆ. ಅಕ್ಕನ ಹೆದರಿಕೆ ನ್ಯಾಯವಾದದ್ದೇ ಅನಿಸಿತು.

ನನ್ನ ಹೆಂಡತಿ ಸುಮಿತ್ರಾ ಒಲೆಯ ಮುಂದಿನಿಂದಲೇ ಹೇಳಿದಳು: "ನಾಯಿ ಬದಿಗಿರ್ಲಿ. ಮಾವ ಇದ್ದಾಗ ಹಬ್ಬ ಹತ್ರ ಬಂತು ಅಂದ್ರೆ ಕಾಯಿ, ಬಾಳೆಹಣ್ಣು ಹಿಡ್ಕಂಡು ಮಂಕಿಗೆ ಹೋಗಿ ಕರೆದು ಬರ್ತಿದ್ರು. ನೀವೂ ಒಂದ್ಸಲ ಹೋಗಿ ಬನ್ನಿ."

"ನಾ ಹೋಗಿ ಬಂದ್ರೆ ಜಾಕಿ ಸುಮ್ನಾಗ್ತದ್ಯಾ?" ಎಂದು ಕೇಳಿದೆ. ಅವಳು ಸಾರಿಗೆ ಒಗ್ಗರಣೆ ಹಾಕಿದಳು.

ಸರಪಳಿ ಹಾಕಬಹುದಿತ್ತು. ಅದು ಕಂಬಕ್ಕೆ ಸುತ್ತಿಕೊಂಡು ಜಾಕಿಯ ಕುತ್ತಿಗೆ ಬಿಗಿದರೆ? ಕೋಣೆಯಲ್ಲಿ ಕೂಡಿಹಾಕಬಹುದಿತ್ತು. ಒಳಗಿನಿಂದ ಅಗುಳಿ ಬಿದ್ದುಬಿಟ್ಟರೆ? ಎರಡು ದಿನ ನಿದ್ರೆ ಬರಲಿಲ್ಲ. ಕೊನೆಗೆ ಆಫೀಸಿನ ಗೆಳೆಯನೊಬ್ಬ ದಾರಿ ತೋರಿಸಿದ. ಭಟ್ಕಳದಲ್ಲಿ ದುಬೈ ಸಾಮಾನಿನ ಅಂಗಡಿಗಳಿವೆಯಷ್ಟೆ? ಅಲ್ಲಿ ನಾಯಿಗೆಂದೇ ಮಾಡಿದ ಕಬ್ಬಿಣದ ಪಂಜರ ಬಂದಿದೆಯಂತೆ. ಬಿಚ್ಚಿದರೆ ಮನೆ. ಮಡಚಿದರೆ ಸೂಟ್‌ಕೇಸು. ಹಿಡಿಕೆ ಕೂಡ ಇದೆಯಂತೆ! ಅಕ್ಕ ಬಂದಾಗ ಬಿಚ್ಚುವುದು, ಹೋದ ಮೇಲೆ ಮಡಚಿ ಮಂಚದ ಕೆಳಗೆ ತಳ್ಳುವುದು. ಜಗತ್ತು ಎಷ್ಟು ಮುಂದುವರಿದಿದೆ ಎಂದು ಹೆಮ್ಮೆಯಾಯಿತು.

ಮೊದಲು ನಾಯಿಯ ಅಳತೆ ಆಗಬೇಕಲ್ಲ. ಸುಮಿತ್ರಾಳ ಹೊಲಿಗೆಯ ಟೇಪು ತಂದೆ. ಜಾಕಿ ಅದನ್ನು ಹದಿನೆಂಟು ಇಂಚಿನವರೆಗೆ ತಿಂದಿತು. ಆಮೇಲೆ ತೆಂಗಿನ ನಾರಿನ ಹಗ್ಗ ತೆಗೆದುಕೊಂಡು, ಮೂಗಿನಿಂದ ಬಾಲದ ಬುಡದವರೆಗೆ ಹಿಡಿದು ಒಂದು ಗಂಟು ಹಾಕಿದೆ. ನೆಲದಿಂದ ಕಿವಿಯವರೆಗೆ ಹಿಡಿದು ಇನ್ನೊಂದು ಗಂಟು.

"ಕಿವಿ ನೆಟ್ಟಗಿದ್ದಾಗಿಂದೋ, ಮಡಚಿದಾಗಿಂದೋ?" ಸುಮಿತ್ರಾ ಕೇಳಿದಳು. ಹಾಸ್ಯಕ್ಕೆ ಕೇಳಿದ್ದೆಂದು ನನಗೆ ತಿಳಿಯಲಿಲ್ಲ. ಎರಡಕ್ಕೂ ಬೇರೆ ಬೇರೆ ಗಂಟು ಹಾಕಿದೆ.

ಶುಕ್ರವಾರ ರಜೆ ಹಾಕಿ ಹೊರಟೆ. ಭಟ್ಕಳದಲ್ಲಿ ಶುಕ್ರವಾರ ಮಧ್ಯಾಹ್ನದ ನಮಾಜು ಮುಗಿಯುವವರೆಗೆ ಅಂಗಡಿ ತೆರೆಯುವುದಿಲ್ಲವೆಂದು ಈ ಜಿಲ್ಲೆಯಲ್ಲಿ ಹುಟ್ಟಿದ ಮಗುವಿಗೂ ಗೊತ್ತು. ನಾನೂ ಈ ಜಿಲ್ಲೆಯಲ್ಲೇ ಹುಟ್ಟಿದವನು. ಮುಚ್ಚಿದ ಶಟರಿನ ಮುಂದೆ ಹಗ್ಗ ಹಿಡಿದು ಕೂತಿದ್ದ ನನ್ನನ್ನು ದಾರಿಹೋಕರು ಎಮ್ಮೆ ಕಳೆದುಕೊಂಡವನೆಂದು ತಿಳಿದರು. ಒಬ್ಬರು "ಯಾವ ಬಣ್ಣದ್ದು?" ಎಂದು ಕರುಣೆಯಿಂದ ಕೇಳಿಯೂ ಹೋದರು.

ಅಂಗಡಿ ತೆರೆಯಿತು. ಬಿಳಿ ಟೊಪ್ಪಿಯ ಹಿರಿಯರು, ಬಹಳ ಮರ್ಯಾದಸ್ಥರು.

"ಬನ್ನಿ ಸಾಹೇಬ್ರೆ. ನಾಯಿ ಎಷ್ಟು ದೊಡ್ಡದು?"

ಹಗ್ಗ ಮುಂದೆ ಹಿಡಿದೆ. ಮೂರು ಗಂಟು. ಯಾವುದು ಉದ್ದ, ಯಾವುದು ಎತ್ತರ, ಯಾವುದು ಕಿವಿ? ಹಗ್ಗವನ್ನು ತಲೆಕೆಳಗು ಮಾಡಿ ನೋಡಿದೆ. ಬೇರೆ ದಾರಿ ಕಾಣದೆ, ಅಂಗಡಿಯ ನಡುವೆ ಎರಡೂ ಕೈ, ಎರಡೂ ಮೊಣಕಾಲು ಊರಿ ನಿಂತು, "ಇಷ್ಟಿರಬಹುದು" ಎಂದು ತೋರಿಸಿದೆ. ಸೆಂಟಿನ ಬಾಟಲಿ ನೋಡುತ್ತಿದ್ದ ಇಬ್ಬರು ಹೆಂಗಸರು ಮೆಲ್ಲಗೆ ಬಾಗಿಲ ಕಡೆ ಸರಿದರು.

"ಸಾಕು ಸಾಹೇಬ್ರೆ, ಏಳಿ," ಎಂದರು ಹಿರಿಯರು. "ನಿಮ್ಗೆ ದೊಡ್ಡದೇ ಬೇಕು."

ಪಂಜರ ಮೂರು ಅಳತೆಯಲ್ಲಿತ್ತು. ಚಿಕ್ಕದು ಬೆಕ್ಕಿಗೆ. ನಡುವಿನದು ಜಾಕಿಯಂಥ ನಾಯಿಗೆ ಸರಿಯಾಗಿ ಹಿಡಿಸುವಂಥದ್ದು. ದೊಡ್ಡದರಲ್ಲಿ ಕರುವೊಂದನ್ನು ಸಾಕಬಹುದಿತ್ತು. ಆರಿಸುವ ಕೆಲಸವನ್ನು ನಾನು ಹಗುರವಾಗಿ ತೆಗೆದುಕೊಳ್ಳಲಿಲ್ಲ. ಸರಳುಗಳ ಸಂದಿನಲ್ಲಿ ಕಾಲು ಸಿಕ್ಕಿದರೆ? ಸಿಕ್ಕುವುದಿಲ್ಲ ಎಂದರು. ಉಪ್ಪುಗಾಳಿಗೆ ತುಕ್ಕು ಹಿಡಿದರೆ? ಕರಿಬಣ್ಣ ಹೊಡೆದಿದೆ ಎಂದರು. ಕೆಳಗಿನ ತಟ್ಟೆ ಜಾರಿದರೆ? ಚಿಲಕ ತಾನಾಗಿ ಕಳಚಿದರೆ? ಚಿಲಕ ಕಳಚದೇ ಹೋದರೆ?

"ಮುಂದೆ ನಾಯಿ ಇನ್ನೂ ಬೆಳೆದರೆ?"

"ಎಷ್ಟು ವರ್ಷ ಆಯ್ತು ಅದಕ್ಕೆ?"

"ಎರಡು ತುಂಬಿತು."

"ಇನ್ನು ಬೆಳೆಯೂದು ಹೊಟ್ಟೆ ಒಂದೇ ಸಾಹೇಬ್ರೆ. ನಡುವಿಂದು ತಗೊಳ್ಳಿ. ನೀವು ಬಗ್ಗಿ ತೋರ್ಸಿದ್ದಕ್ಕೆ ದೊಡ್ಡದು ಅಂದೆ, ಅಷ್ಟೆ."

ನಾನು ಒಪ್ಪಲಿಲ್ಲ. ಹೊಟ್ಟೆಗೂ ಜಾಗ ಬೇಕು. ದೊಡ್ಡದನ್ನೇ ಹೊತ್ತು ಟೆಂಪೋ ಹತ್ತಿದೆ.

ಅದು ಮಡಚಿದರೆ ಸೂಟ್‌ಕೇಸು ಎಂದಿದ್ದರಲ್ಲ? ನಿಜ. ಬಾಗಿಲಿನಷ್ಟು ದೊಡ್ಡ ಸೂಟ್‌ಕೇಸು. ಕಿಟಕಿಯ ಬದಿ ಕೂತು ತೊಡೆಯ ಮೇಲೆ ನಿಲ್ಲಿಸಿಕೊಂಡೆ. ಪಕ್ಕದಲ್ಲಿ ಖಾಲಿ ಮೀನುಬುಟ್ಟಿ ಇಟ್ಟುಕೊಂಡು ಕೂತಿದ್ದ ಹೆಂಗಸು ಸರಳುಗಳ ನಡುವಿನಿಂದಲೇ ವಿಚಾರಿಸಿದಳು.

"ಇದೆಂತದ್ರಾ?"

"ನಾಯಿ ಪಂಜರ. ಅಕ್ಕ ಹಬ್ಬಕ್ಕೆ ಬರ್ಬೇಕು. ನಾಯಿ ಕಂಡ್ರೆ ಅವಳಿಗೆ ಹೆದರ್ಕೆ."

"ಪಾಪ. ಯಾವೂರಲ್ಲಿ ಅಕ್ಕ?"

"ಇಲ್ಲೇ. ಮುಂದೆ ಮಂಕಿ."

"ಹಂಗಾರೆ ಮಂಕೀಲಿ ಇಳಿತ್ರಿ."

"ಇಲ್ಲಪ್ಪ. ಕುಮಟೆಗೆ ಹೋಗ್ಬೇಕು. ಹೊತ್ತಾತು."

ಅವಳು ನನ್ನನ್ನೊಮ್ಮೆ, ಪಂಜರವನ್ನೊಮ್ಮೆ ನೋಡಿ, ಬುಟ್ಟಿಯನ್ನು ತನ್ನ ಕಡೆಗೆ ಎಳೆದುಕೊಂಡು ಆಚೆ ಮುಖ ಮಾಡಿ ಕೂತಳು. ಸರಳಿನ ತುದಿ ಬುಟ್ಟಿಗೆ ತಾಗುತ್ತಿದೆ ಎಂದು ಸಿಟ್ಟು ಬಂದಿರಬೇಕೆಂದುಕೊಂಡು ಪಂಜರವನ್ನು ಸ್ವಲ್ಪ ಸರಿಸಿದೆ. ನಿಜ ಹೇಳುತ್ತೇನೆ, ಆಗ ನನಗೆ ಬೇರೆ ಏನೂ ಹೊಳೆಯಲಿಲ್ಲ.

ಮಂಕಿ ಬಂತು. ಟೆಂಪೋ ನಿಂತಿತು. ಎದುರಿನ ಬೀಡಾ ಅಂಗಡಿಯಲ್ಲಿ ಭಾವ ನಿಂತಿದ್ದರು, ಅಕ್ಕನ ಗಂಡ! ಕಂಡರೆ ಬಿಡುವ ಜನವಲ್ಲ. ಇಳಿಸುತ್ತಾರೆ, ಮನೆಗೆ ಕರೆದೊಯ್ಯುತ್ತಾರೆ, ಅಕ್ಕ ಚಾ ಮಾಡುತ್ತಾಳೆ, ಆಮೇಲೆ ಊಟ ಎನ್ನುತ್ತಾಳೆ. ಈ ಪಂಜರ ಹೊತ್ತು ಮತ್ತೆ ಟೆಂಪೋ ಹಿಡಿಯುವುದು ಯಾವಾಗ? ಕೂಡಲೇ ತಲೆ ತಗ್ಗಿಸಿ ಪಂಜರದ ಹಿಂದೆ ಅಡಗಿದೆ.

ಸರಳುಗಳಿಂದ ಮಾಡಿದ ವಸ್ತುವಿನ ಹಿಂದೆ ಅಡಗಲು ಬರುವುದಿಲ್ಲ ಎಂಬ ಮೂಲಭೂತ ಸಂಗತಿ ನನ್ನ ಮುಂದಾಲೋಚನೆಗೆ ಸಿಕ್ಕಿರಲಿಲ್ಲ. ಸಾಲದ್ದಕ್ಕೆ ಅದೇ ಹೊತ್ತಿಗೆ ಕೊಕ್ಕೆ ಕಳಚಿ ಪಂಜರ ಅರ್ಧ ಬಿಚ್ಚಿಕೊಂಡಿತು. ಒಂದು ಬದಿ ಕಿಟಕಿಗೆ ನಿಂತಿತು, ಇನ್ನೊಂದು ನನ್ನ ತಲೆಯ ಮೇಲೆ ಬಂತು. ಎರಡೂ ಕೈಯಲ್ಲಿ ಸರಳು ಹಿಡಿದು ಹಿಂದೆ ತಳ್ಳುತ್ತಿದ್ದೆ. ಭಾವ ಎಲೆಗೆ ಸುಣ್ಣ ಹಚ್ಚುತ್ತ ತಲೆಯೆತ್ತಿದರು. ಬೆರಳು ಎಲೆಯ ಮೇಲೆಯೇ ನಿಂತಿತು. ಟೆಂಪೋ ಹೊರಟಿತು. ಗುರುತು ಸಿಕ್ಕಿರಲಿಕ್ಕಿಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಮನೆಗೆ ಬಂದು ಪಂಜರ ಬಿಚ್ಚಿ ನಿಲ್ಲಿಸಿದೆ. ಜಾಕಿ ಸುತ್ತ ಒಂದು ಪ್ರದಕ್ಷಿಣೆ ಬಂದು, ಒಂದು ಮೂಲೆಗೆ ಕಾಲೆತ್ತಿತು. ಒಳಗೆ ಹೋಗಲಿಲ್ಲ. ಹುರಿದ ಬಂಗುಡೆ ಮೀನು ಇಟ್ಟೆ. ಹಿಂಗಾಲು ಹೊರಗೇ ಊರಿ, ಕುತ್ತಿಗೆ ಚಾಚಿ ಬಂಗುಡೆ ಎಳೆದುಕೊಂಡು ಹೊರಗೆ ಕೂತು ತಿಂದಿತು. ಇನ್ನು ಹಿರಿಯರಾದ ನಾವೇ ಮಾದರಿಯಾಗಬೇಕೆಂದು ನಿರ್ಧರಿಸಿ, ಪಂಚೆ ಎತ್ತಿ ಕಟ್ಟಿ ಒಳಗೆ ತೆವಳಿದೆ. ಸರಿಯಾಗಿ ಹಿಡಿಸಿತು. ಹಿಡಿಸದೇನು, ಅಳತೆ ಕೊಟ್ಟವನು ನಾನೇ ಅಲ್ಲವೇ!

"ಬಾ ಜಾಕಿ, ನೋಡು, ಎಷ್ಟು ಚಂದ ಅದೆ!" ಎಂದೆ. ಜಾಕಿಗೆ ಆನಂದ ತಡೆಯಲಾಗಲಿಲ್ಲ. ಹಾರಿ ಬಂದು ಬಾಗಿಲಿನ ಮೇಲೆ ಎರಡೂ ಕಾಲಿಟ್ಟಿತು. ಬಾಗಿಲು ಮುಚ್ಚಿ ಚಿಲಕ ಬಿತ್ತು. ಚಿಲಕ ಬಹಳ ಗಟ್ಟಿಯದು. ಆರಿಸಿ ತಂದದ್ದು.

ಆಗಲೇ ಫೋನು ಬಡಿದುಕೊಂಡಿತು. ಸುಮಿತ್ರಾ ಓಡಿಬಂದು ಎತ್ತಿದಳು.

"ಹಲೋ... ಅತ್ತಿಗೆ! ಎಂತ ಆತು? ಎಂತಕ್ಕೆ ಅಳ್ತಿದ್ರಿ? ... ಪೊಲೀಸರಾ? ಯಾವ ಪೊಲೀಸರು? ... ಇಲ್ಲ ಅತ್ತಿಗೆ, ಇವ್ರು ಮನೇಲೇ ಇದಾರೆ." ನನ್ನ ಕಡೆ ತಿರುಗಿ ನೋಡಿದಳು. ಸುಳ್ಳು ಹೇಳಿ ಅಭ್ಯಾಸವಿಲ್ಲದ ಹೆಂಗಸು. "ಪಂಜರದ ಒಳಗೆ ಇದಾರೆ."

ಫೋನಿನ ವಯರು ಎಳೆದು ತಂದು ರಿಸೀವರನ್ನು ಸರಳಿಗೆ ಒತ್ತಿ ಹಿಡಿದಳು. ನಾನು ಕಿವಿ ಕೊಟ್ಟೆ.

"ತಮ್ಮಾ! ನಿನ್ನ ಪೊಲೀಸರು ಬಿಟ್ರಾ? ಭಾವ ಏದುಸಿರು ಬಿಟ್ಕಂಡು ಬಂದ್ರು. ನಿನ್ನ ಸರಳಿನ ಗಾಡೀಲಿ ಹಾಕಂಡು ಹೋದ್ರು, ನೀನು ಸರಳು ಹಿಡ್ಕಂಡು ತಲೆ ತಗ್ಸಿದ್ದೆ ಅಂದ್ರು. ದೇವ್ರಿಗೆ ಕಾಯಿ ಹೇಳ್ಕಂಡೆ."

"ಪೊಲೀಸು ಅಲ್ಲ ಅಕ್ಕಾ. ಅದು ಟೆಂಪೋ. ಭಟ್ಕಳದಿಂದ ಬರ್ತಾ ಇದ್ದೆ."

"ಭಟ್ಕಳದಿಂದ?" ಅಕ್ಕನ ಅಳು ನಿಂತಿತು. "ಹಂಗಾರೆ ಬೆಳಿಗ್ಗೆ ಹೋಗೂವಾಗ್ಲೂ ಮಂಕಿ ಮೇಲೇ ಹೋಗಿದ್ದೆ?"

"ಹೌದು."

"ಎಂತ ಅಷ್ಟು ದೊಡ್ಡ ಕೆಲ್ಸ ಇತ್ತು?"

"ಜಾಕಿಗೆ ಪಂಜರ ತರೂದಿತ್ತು. ನಿನ್ನ ಸಲುವಾಗೇ ಅಕ್ಕಾ!" ಎಂದೆ. ಮೆಚ್ಚಿಕೊಳ್ಳುತ್ತಾಳೆ ಎಂದು ಒಂದು ಕ್ಷಣ ಕಾದೆ ಕೂಡ.

ಅವಳು ಬೈಯಬೇಕಿತ್ತು. ಬೈಯಲಿಲ್ಲ. ಸಣ್ಣ ದನಿಯಲ್ಲಿ ಕೇಳಿದಳು: "ಅಪ್ಪ ಹೋದ್ಮೇಲೆ ನಮ್ಮನೆ ಮೆಟ್ಲು ಒಂದಾದ್ರೂ ದಿನ ಹತ್ತಿದ್ಯೇನೋ? ಫೋನಲ್ಲಿ ಬಾ ಅಂದ್ರೆ ಬರೂಕೆ ನಾ ಎಂತ ಗ್ಯಾಸ್ ಸಿಲಿಂಡರಾ? ಅತ್ತೆ ಕೇಳ್ತ್ರು, ತವರಿಂದ ಯಾರೂ ಕರೆಯೂಕೆ ಬರ್ಲಿಲ್ವಾ ಅಂತ. ನಾ ಎಂತ ಹೇಳೂದು? ನಾಯಿಗೆ ಹೆದರಿ ಹೋಗ್ಲಿಲ್ಲ ಅಂದೆ. ನಿಂಗೂ ಅದನ್ನೇ ಹೇಳ್ದೆ. ನೀನು ಅದನ್ನ ನಂಬ್ಕಂಡು..." ಫೋನು ಇಟ್ಟ ಸದ್ದು ಕೇಳಿಸಿತು.

ಇಂಥ ಮಾತು ಕೇಳಿದಾಗ ಮನುಷ್ಯ ಎದ್ದು ಹೊರಗೆ ಹೋಗುತ್ತಾನೆ, ಇಲ್ಲವೇ ಗೋಡೆಯ ಕಡೆ ಮುಖ ಮಾಡುತ್ತಾನೆ. ನನಗೆ ಎರಡಕ್ಕೂ ಅನುಕೂಲವಿರಲಿಲ್ಲ. ನಾಲ್ಕೂ ಕಡೆ ಸರಳು, ನಾಲ್ಕೂ ಕಡೆಯಿಂದ ಕಾಣುತ್ತಿದ್ದೆ. ಸುಮಿತ್ರಾ ರಿಸೀವರು ಇಟ್ಟು ಬಂದು ನಿಂತಳು. ಅವಳಿಗೂ ಎಲ್ಲ ಕೇಳಿಸಿತ್ತು.

"ಚಿಲಕ ತೆಗೀಯೇ," ಎಂದೆ.

"ತೆಗಿತೆ. ಮಂಕಿಗೆ ಯಾವಾಗ ಹೋಗ್ತ್ರಿ?"

"ನಾಳೆ ಬೆಳಿಗ್ಗೆ."

ಆಮೇಲೆಯೇ ತೆಗೆದದ್ದು!

ಮರುದಿನ ಕಾಯಿ, ಬಾಳೆಹಣ್ಣು, ಎಲೆ ಅಡಿಕೆ ಚೀಲದಲ್ಲಿಟ್ಟುಕೊಂಡು ಮಂಕಿಯಲ್ಲಿ ಇಳಿದೆ. ಬೀಡಾ ಅಂಗಡಿಯವ "ಬಿಟ್ರಾ?" ಎಂದು ಸಂತೋಷದಿಂದ ಕೇಳಿದ. ತಲೆಯಾಡಿಸಿ ಮುಂದೆ ಹೋದೆ. ದಾರಿಯುದ್ದಕ್ಕೂ ಅಕ್ಕನ ಎದುರು ಆಡಬೇಕಾದ ಮಾತುಗಳನ್ನು ಬಾಯಿಪಾಠ ಮಾಡುತ್ತಿದ್ದೆ. ಅಪ್ಪ ಹೀಗೆ ಬಂದಾಗ ಏನು ಹೇಳುತ್ತಿದ್ದರು? ಒಂದು ಸಲವೂ ಜೊತೆಗೆ ಬಂದವನಲ್ಲ, ಹೇಗೆ ಗೊತ್ತಿರಬೇಕು?

ಬೇಲಿಯ ದಣಪೆ ದಾಟಿ ಅಂಗಳಕ್ಕೆ ಕಾಲಿಟ್ಟೆ. ಜಗಲಿಯ ಮೆಟ್ಟಿಲ ಮೇಲೆ ಮಲಗಿದ್ದ ನಾಯಿಯೊಂದು ಎದ್ದು ನಿಂತಿತು. ಕರಿಯದು. ನಮ್ಮ ಜಾಕಿಯನ್ನು ಅದರ ಹೊಟ್ಟೆಯ ಕೆಳಗೆ ನಿಲ್ಲಿಸಬಹುದಿತ್ತು. ಅದು ಬೊಗಳಿದ ರಭಸಕ್ಕೆ ಬಾಯಿಪಾಠವೆಲ್ಲ ಮರೆತುಹೋಯಿತು. ಚೀಲವನ್ನು ಎದೆಗೆ ಒತ್ತಿಕೊಂಡು ಕೂಗಿದೆ:

"ಅಕ್ಕಾ! ನಾಯಿ!"

ಅಕ್ಕ ಸೆರಗಿಗೆ ಕೈ ಒರೆಸುತ್ತ ಹೊರಗೆ ಬಂದಳು. ಕರುವನ್ನು ಹಿಡಿದಂತೆ ಅದರ ಕುತ್ತಿಗೆಗೆ ಕೈ ಹಾಕಿ ನಿಂತಳು.

"ಇದು ಯಾರದೇ ಅಕ್ಕಾ?"

"ಯಾರದು ಅಂದ್ರೆ? ನಮ್ದೇ. ಬಂದು ಎರಡು ವರ್ಷ ಆತು."

ಅಕ್ಕ ನನ್ನ ಕೈಯ ಚೀಲವನ್ನೇ ನೋಡುತ್ತಿದ್ದಳು. ಬಾಳೆಹಣ್ಣಿನ ತುದಿ ಹೊರಗೆ ಕಾಣುತ್ತಿತ್ತು.

"ಚೌತಿಗೆ ಬಾ ಅಕ್ಕಾ," ಎಂದೆ. ಬೇರೆ ಏನೂ ನೆನಪಾಗಲಿಲ್ಲ.

"ಬತ್ತೆ," ಎಂದಳು. ಕಣ್ಣು ಒರೆಸಿಕೊಂಡಳು. "ಮೊದ್ಲು ಒಳಗೆ ಬಾ."

ಬೊಗಳುವುದು ನಿಂತಿರಲಿಲ್ಲ. ಸದ್ದು ಕೇಳಿ ಪಕ್ಕದ ಮನೆಯ ಹೆಂಗಸು ಬೇಲಿಯಾಚೆಯಿಂದ ಇಣುಕಿ ನೋಡಿದಳು. "ಎಂತ ಇಲ್ಲ ಮಾರಾಯ್ತಿ," ಎಂದು ಅಕ್ಕ ಅವಳಿಗೆ ಕೂಗಿ ಹೇಳಿದಳು. "ಗುರ್ತಿಲ್ದವ್ರು ಬಂದ್ರೆ ಇದು ಹೀಂಗೇಯ."

ಗುರುತಿಲ್ಲದವರು ಚಪ್ಪಲಿ ಬಿಟ್ಟು, ಒಳಗೆ ಹೋಗಲು ನಾಯಿಯ ಒಪ್ಪಿಗೆಗಾಗಿ ಬಿಸಿಲಲ್ಲಿ ಕಾಯುತ್ತ ನಿಂತರು.